ನೆರೆದೇಶದ ಕವಿ ಬೆಂಗಳೂರಿಗೆ ಬಂದರೆ ಕನ್ನಡದಲ್ಲಿ ಕೇಳಿಸಬೇಕು ಅಲ್ಲವೇ?

ಗವಿಪುರದ ಟೀಚರ್ (ಶನಿವಾರ ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಗರದ ಒಂದು ಸಾಹಿತ್ಯ ಹಬ್ಬಕ್ಕೆ ನನ್ನ ಹತ್ತನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನೆರೆದೇಶಗಳ ಕವಿಗಳ ಗೋಷ್ಠಿ ಇದೆ ಅಂತಲೇ ಹೋಗಿದ್ದು. ನಮ್ಮದು ಕನ್ನಡ ಮೀಡಿಯಂ ಶಾಲೆ. ಈ ಮಕ್ಕಳು ಬೇರೆ ದೇಶದ ಕವಿಯೊಬ್ಬರನ್ನು ಎದುರಿಗೆ ನೋಡಿದ್ದು ಇದೇ ಮೊದಲು.

ಶ್ರೀಲಂಕಾದಿಂದ ಬಂದಿದ್ದ ಒಬ್ಬರು ಸಿಂಹಳದಲ್ಲಿ ಎರಡು ಪದ್ಯ ಓದಿದರು. ಸಣ್ಣ ದನಿ. ಸಾಲಿನ ಕೊನೆಗೆ ಒಂದು ಗಳಿಗೆ ಉಸಿರು ಹಿಡಿದು ಮುಂದಿನ ಸಾಲಿಗೆ ಇಳಿಯೋರು. ನನ್ನ ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ನನ್ನ ಕಿವಿಯಲ್ಲಿ, "ಮಿಸ್, ಅವರು ಗಂಗಾ ಅಂದ್ರು, ನಮ್ಮ ಗಂಗೆನೇನಾ?" ಅಂದಳು. ಅವಳ ಕಿವಿಗೆ ಆ ಒಂದು ಪದ ಸಿಕ್ಕಿತ್ತು. ಸಿಂಹಳದಲ್ಲಿ ದೊಡ್ಡ ಹೊಳೆಗಳಿಗೆಲ್ಲ ಗಂಗಾ ಅಂತಲೇ ಹೆಸರು. ಮಹಾವೇಲಿ ಗಂಗಾ, ಕೆಳನಿ ಗಂಗಾ. ನಮ್ಮಲ್ಲೂ ಬೋರ್‌ವೆಲ್‌ನಲ್ಲಿ ನೀರು ಬಂದರೆ ಗಂಗೆ ಪೂಜೆ ಅಂತೀವಲ್ಲ, ಆ ಗಂಗೆ ಕಾಶಿಯಿಂದ ಬಂದಿರೋದಿಲ್ಲ. ಇದನ್ನೆಲ್ಲ ಅವಳಿಗೆ ಹೇಳೋಣ ಅನ್ನುವಷ್ಟರಲ್ಲಿ ನಿರೂಪಕರು ಬಂದು, ಸಮಯವಾಯಿತು ಅಂತ ಇಂಗ್ಲಿಷಿನಲ್ಲಿ ಎರಡು ವಾಕ್ಯದ ಸಾರಾಂಶ ಹೇಳಿ ಮುಗಿಸಿದರು. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಕನ್ನಡದ ಗೋಷ್ಠಿ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿತ್ತು. ಅಲ್ಲಿ ಕೂತಿದ್ದ ನಮ್ಮ ಕವಿಗಳು ಈ ಕಡೆ ಬರಲಿಲ್ಲ, ಇವರು ಆ ಕಡೆ ಹೋಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಕ್ಕಳು ಸುಮ್ಮನೆ ಕೂತಿದ್ದರು. ನನಗೆ ತುಂಬಾ ಬೇಜಾರಾಯಿತು. ನೆರೆಹೊರೆಯ ದೇಶಗಳ ನಡುವೆ ಸ್ನೇಹ ಬೆಳೆಯಲಿ ಅಂತ ಹಬ್ಬ ಮಾಡುತ್ತಾರೆ, ಆ ಸ್ನೇಹ ಯಾರ ಯಾರ ನಡುವೆ? ಬೆಂಗಳೂರಿನಲ್ಲಿ ಇಂಥ ಕೂಟ ನಡೆದರೆ ಅದು ಕನ್ನಡಕ್ಕೆ ಏನು ಕೊಡಬೇಕು, ಕನ್ನಡದಿಂದ ಏನು ಒಯ್ಯಬೇಕು? ಬಲ್ಲವರು ಹೇಳಿ.

ಮಲ್ಲೇಶ್ವರ 18ನೇ ಕ್ರಾಸ್

ಟೀಚರಮ್ಮ, ನಿಮ್ಮ ಪ್ರಶ್ನೆ ಕೇಳಲು ಬೆಂಗಳೂರಿಗಿಂತ ಸರಿಯಾದ ಊರಿಲ್ಲ. ದಕ್ಷಿಣ ಏಷ್ಯಾದ ನೆರೆದೇಶಗಳ ಒಕ್ಕೂಟವಾದ ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರ್‌ನಲ್ಲಿ, ಢಾಕಾದಲ್ಲಿ. ಮರುವರ್ಷವೇ, 1986ರ ನವೆಂಬರ್ 16 ಮತ್ತು 17ಕ್ಕೆ ಎರಡನೇ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ನಾನಾಗ ನೌಕರಿಯಲ್ಲಿದ್ದೆ. ಆಗ ಏಳು ದೇಶ. ಅಫ್ಘಾನಿಸ್ತಾನ ಸೇರಿದ್ದು 2007ರಲ್ಲಿ. ಈಗ ಕಠ್ಮಂಡುವಿನಲ್ಲಿರುವ ಸಾರ್ಕ್ ಕಾರ್ಯಾಲಯವನ್ನು ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲೇ. ಒಬ್ಬರ ರೇಡಿಯೋ, ಟಿವಿ ಕಾರ್ಯಕ್ರಮ ಇನ್ನೊಬ್ಬರು ತೋರಿಸಬೇಕು, ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಬೇಕು ಅನ್ನುವ ಮಾತೂ ಇಲ್ಲಿ ಆಯಿತು. ಆಮೇಲೆ ದೂರದರ್ಶನದಲ್ಲಿ ಭೂತಾನ್, ಮಾಲ್ಡೀವ್ಸ್‌ನ ಸಾಕ್ಷ್ಯಚಿತ್ರ ಬಂದರೆ ನಮ್ಮ ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತು ನೋಡೋರು. ಆ ಮಂಜಿನ ಬೆಟ್ಟದ ಮೇಲಿನ ಮನೆಯಲ್ಲೂ ಒಲೆ ಮುಂದೆ ಒಬ್ಬ ಹೆಂಗಸು ಕೂತಿದ್ದಾಳೆ ಅನ್ನೋದೇ ಅವರಿಗೆ ದೊಡ್ಡ ಸುದ್ದಿ.

ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಆಮೇಲೆ ನಾಯಕರು ಹಾಗೆ ಒಟ್ಟಿಗೆ ಕೂತಿಲ್ಲ. ಬರಹಗಾರರು ಮಾತ್ರ ಕೂರುವುದು ಬಿಟ್ಟಿಲ್ಲ. ಪಂಜಾಬಿ ಲೇಖಕಿ ಅಜೀತ್ ಕೌರ್ ಅವರು ದೆಹಲಿಯಲ್ಲಿ ಸಾರ್ಕ್ ಲೇಖಕರ ಪ್ರತಿಷ್ಠಾನ ಕಟ್ಟಿ ದಶಕಗಳ ಕಾಲ ಈ ದೇಶಗಳ ಕವಿಗಳನ್ನು, ಕತೆಗಾರರನ್ನು ಸೇರಿಸಿದರು. ಹುಟ್ಟಿದ್ದು ಲಾಹೋರಿನಲ್ಲಿ, ದೇಶ ಒಡೆದ ಮೇಲೆ ಇಲ್ಲಿಗೆ ಬಂದವರು. ಬಿಟ್ಟು ಬಂದ ಊರಿನ ಜೊತೆ ಮಾತು ನಿಲ್ಲಬಾರದು ಅನ್ನುವುದು ಅಂಥವರಿಗೆ ಚೆನ್ನಾಗಿ ಗೊತ್ತು.

ಅನುವಾದಕಿ, ಜಯನಗರ

ಟೀಚರ್ ಹೇಳಿದ್ದನ್ನು ಓದಿ ಹೊಟ್ಟೆ ಉರಿಯಿತು, ಯಾಕೆಂದರೆ ಆ ಎರಡು ಪದ್ಯ ಕನ್ನಡಕ್ಕೆ ತರುವುದು ಎರಡು ದಿನದ ಕೆಲಸ. ಹಬ್ಬಕ್ಕೆ ಮೂರು ತಿಂಗಳು ಮೊದಲೇ ಅತಿಥಿಗಳ ಪಟ್ಟಿ ಸಿದ್ಧವಾಗಿರುತ್ತದೆ. ಆಗಲೇ ಪದ್ಯ ತರಿಸಿಕೊಂಡು ಒಬ್ಬ ಅನುವಾದಕರಿಗೆ ಕೊಟ್ಟಿದ್ದರೆ ಸಾಕಿತ್ತು. ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕುರ್ಚಿ ಮೇಲೆ ಇಟ್ಟಿದ್ದರೂ ಮಕ್ಕಳು ಮನೆಗೆ ಒಯ್ಯುತ್ತಿದ್ದರು.

ಕನ್ನಡದಿಂದ ಹೊರಕ್ಕೆ ಹೋಗುವ ದಾರಿ ಈಗ ಚೆನ್ನಾಗಿದೆ. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆಂದೇ ಸ್ಥಾಪಿಸಿದ ಡಿಎಸ್‌ಸಿ ಪ್ರಶಸ್ತಿ ಪಡೆದವು. 2019ರ ಜನವರಿಯಲ್ಲಿ ಕೋಲ್ಕತಾದಲ್ಲಿ ಘೋಷಣೆಯಾಯಿತು. 25,000 ಡಾಲರ್, ಲೇಖಕರಿಗೂ ಅನುವಾದಕಿಗೂ ಸಮಪಾಲು. ಆ ಪ್ರಶಸ್ತಿಯನ್ನು ಒಂದು ವರ್ಷ ಶ್ರೀಲಂಕಾದ ಗಾಲ್‌ನಲ್ಲಿ, ಒಂದು ವರ್ಷ ಢಾಕಾದಲ್ಲಿ, ಒಂದು ವರ್ಷ ನೇಪಾಳದ ಪೋಖರಾದಲ್ಲಿ ಘೋಷಿಸಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದದ್ದು ಎಲ್ಲರಿಗೂ ಗೊತ್ತು. ಒಳಕ್ಕೆ ಬರುವ ದಾರಿ ಹೇಗಿದೆ? ಢಾಕಾದ ಇವತ್ತಿನ ಕತೆಗಾರರಲ್ಲಿ ಇಬ್ಬರ ಹೆಸರು ಹೇಳಿ ಅಂದರೆ ನಮ್ಮ ಒಳ್ಳೆಯ ಓದುಗರೂ ತಡವರಿಸುತ್ತಾರೆ.

ಇದು ಮೊದಲಿನಿಂದ ಹೀಗಿರಲಿಲ್ಲ. ಬಿ. ವೆಂಕಟಾಚಾರ್ಯರು ಮುನ್ಸೀಫರಾಗಿದ್ದವರು, ಮೈಸೂರು ಸೀಮೆಯಲ್ಲಿ ಕೂತೇ ಬಂಗಾಳಿ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ನೇರವಾಗಿ ಕನ್ನಡಕ್ಕೆ ತಂದರು. 1880ರ ದಶಕದ ಮಾತು. ಕನ್ನಡದಲ್ಲಿ ಕಾದಂಬರಿ ಓದುವ ರುಚಿ ಹತ್ತಿದ್ದೇ ಅಂಥ ಪುಸ್ತಕಗಳಿಂದ.

ನೇರವಾಗಿ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ನನ್ನ ಮೇಜಿನ ಮೇಲಿನ ಒಂದು ಪದ ತೋರಿಸುತ್ತೇನೆ. ಬಂಗಾಳಿಯಲ್ಲಿ "ಅಭಿಮಾನ್" ಅಂದರೆ ನಮ್ಮ ಅಭಿಮಾನವಲ್ಲ. ತೀರಾ ಹತ್ತಿರದವರು, ಪ್ರೀತಿಸುವವರು ನೋಯಿಸಿದಾಗ ಬಾಯಿಬಿಟ್ಟು ಹೇಳದೆ ಮುಖ ತಿರುಗಿಸಿ ಕೂರುತ್ತೀವಲ್ಲ, ಅದು. ಇಂಗ್ಲಿಷಿನಲ್ಲಿ ಅದಕ್ಕೆ ಪದವಿಲ್ಲದೆ ಪೆಟ್ಟುಬಿದ್ದ ಹೆಮ್ಮೆ ಅನ್ನುವ ಅರ್ಥದಲ್ಲಿ ಏನೋ ಬರೆದಿರುತ್ತಾರೆ. ಆ ಇಂಗ್ಲಿಷ್ ನೋಡಿ ಕನ್ನಡ ಮಾಡಿದರೆ ಗಂಡನ ಮೇಲೆ ಮುನಿದ ಹೆಣ್ಣು ಸೊಕ್ಕಿನವಳಾಗಿಬಿಡುತ್ತಾಳೆ. ನಾನೇ ಒಂದು ಕತೆಯಲ್ಲಿ ಹಾಗೆ ಮಾಡಿ, ಬಂಗಾಳಿ ಬಲ್ಲ ಗೆಳತಿ ತೋರಿಸಿದ ಮೇಲೆ ತಿದ್ದಿಕೊಂಡೆ. ಕನ್ನಡದಲ್ಲಿ "ಮುನಿಸು" ಅನ್ನುವ ಎಷ್ಟು ಚೆಂದದ ಪದ ಕಾದು ಕೂತಿತ್ತು! ಬಂಗಾಳಿಯಿಂದ ನೇರವಾಗಿ ಬಂದಿದ್ದರೆ ಮೊದಲ ಸಲಕ್ಕೇ ಸಿಕ್ಕಿರುತ್ತಿತ್ತು.

ಧಾರವಾಡದಾಂವ, ಈಗ ಯಲಹಂಕ

ಎಲ್ಲಾ ಛಲೋ ಮಾತರಿ. ಆದ್ರ ಒಂದು ವಿಷಯ ಯಾರೂ ಎತ್ತವಲ್ರಿ, ಅದಕ್ಕ ನಾ ಎತ್ತತೇನಿ. ಪಹಲ್ಗಾಮ್‌ನಾಗ 26 ಮಂದಿನ್ನ ಕೊಂದ್ರು, ಅದರಾಗ ನಮ್ಮ ಕರ್ನಾಟಕದವರೂ ಇದ್ರು. ಅದಾದ ಮ್ಯಾಲೆ ಪಾಕಿಸ್ತಾನದಿಂದ ಬರೋ ಅಂಚಿ, ಪಾರ್ಸಲ್ ಸುದ್ದಾ ಬಂದ್ ಆದ್ವು. ಒಂದು ಪುಸ್ತಕ ಬರಾಕ ದಾರಿ ಇಲ್ಲ, ಕವಿ ಎಲ್ಲಿಂದ ಬರ್ತಾನ್ರಿ? ನಮ್ಮ ಕಾಕಾನ ಮಗ ಫೌಜಿನ್ಯಾಗ ಅದಾನ. ವೇದಿಕಿ ಮ್ಯಾಲೆ ಕುಂತು ನಾವೆಲ್ಲ ಒಂದ ಅಂತ ಚಪ್ಪಾಳಿ ಹೊಡಿಯೂದು ನನಗ ಆಗೂದಿಲ್ಲ. ಸಿಟ್ಟಿಲೆ ಹೇಳಾಕತ್ತಿಲ್ಲ, ಮನಸ್ಸಿನಾಗ ಇದ್ದದ್ದು ಹೇಳಿದೆ.

ಕಲಬುರಗಿ ಮೂಲ, ಶಿವಾಜಿನಗರ ವಾಸ

ಧಾರವಾಡದ ಅಣ್ಣಾವರೆ, ನಿಮ್ಮ ಮಾತಿನ ನೋವು ನನಗೂ ಅದ. ನಮ್ಮ ಮನ್ಯಾಗೂ ಆ ದಿನ ಟಿವಿ ಮುಂದ ಯಾರೂ ಊಟ ಮಾಡಿಲ್ಲ. ಯಾರನ್ನ ಕರೀಬೇಕು, ಬಿಡಬೇಕು ಸರ್ಕಾರ ನೋಡ್ಕೋತದ. ನಾ ಬರೇ ಭಾಷಾದ ಬಗ್ಗೆ ಹೇಳ್ತೀನಿ.

ಉರ್ದು ಅಂದ ಕೂಡ್ಲೆ ಗಡಿ ಆಚೆ ನೋಡೋರಿದ್ದಾರ. ಉರ್ದುದ ದಕ್ಷಿಣದ ರೂಪ ದಖ್ಖನಿ ಬೆಳೆದಿದ್ದು ನಮ್ಮ ನೆಲದಾಗ ರೀ, ಕಲಬುರಗಿ, ಬೀದರ, ವಿಜಯಪುರದಾಗ. ಬಂದೇನವಾಜರ ದರ್ಗಾ ಉರುಸಿಗೆ ಬರೋ ಮಂದ್ಯಾಗ ಅರ್ಧ ಜನ ಮನ್ಯಾಗ ಕನ್ನಡ ಮಾತಾಡೋರು. ಇದೇ ಬೆಂಗಳೂರಿನಿಂದ ಮಹಮೂದ್ ಅಯಾಜ್ ಅವರು 'ಸೌಗಾತ್' ಅಂತ ಉರ್ದು ಪತ್ರಿಕಾ ತಂದ್ರು. ಹೊಸ ಉರ್ದು ಕಾವ್ಯಕ್ಕ ಅದು ದೊಡ್ಡ ಹೆಸರು. ಲಾಹೋರು, ಕರಾಚಿ ಓದುಗರಿಗೂ ಬೆಂಗಳೂರಂದ್ರ ಆ ಪತ್ರಿಕಾದ ಊರು. ಅದು ಗೊತ್ತಿಲ್ಲದ ನಮ್ಮ ಕನ್ನಡ ಗೆಳೆಯರು ಎಷ್ಟೋ ಮಂದಿ. ಒಂದೇ ಊರಾಗ, ಒಂದೇ ಬಸ್ಸಿನಾಗ ಓಡಾಡ್ತೀವಿ, ಒಬ್ಬರದೊಬ್ಬರು ಓದಿಲ್ಲ. ಹಬ್ಬ ಮೊದಲು ಅಲ್ಲಿಂದ ಶುರು ಆಗ್ಲಿ ಅಂತೀನಿ. ಅದಕ್ಕ ವೀಸಾ ಬೇಕಾಗಿಲ್ಲ.

ಧಾರವಾಡದಾಂವ, ಈಗ ಯಲಹಂಕ

ಈ ಪತ್ರಿಕಾ ಬಗ್ಗೆ ನನಗ ಗೊತ್ತಿರಲಿಲ್ರಿ. ಹಿಂಗ ಆದ್ರ ನಾನೂ ಬರತೇನಿ.

ಸುಳ್ಯದ ಹುಡುಗ

ವೀಸಾ ಬೇಡ ಅಂತ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸ್ತೇನೆ. ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಟ್ಯಾಪಿಂಗ್ ಮಾಡುವವರಲ್ಲಿ ತುಂಬಾ ಜನ ಶ್ರೀಲಂಕಾದಿಂದ ವಾಪಸ್ ಬಂದ ತಮಿಳರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿಯ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದ ಪ್ರಕಾರ ಬಂದವರು. ಮೂರ್ನಾಲ್ಕು ತಲೆಮಾರು ಅಲ್ಲಿಯ ಚಹಾ ತೋಟದಲ್ಲಿ ದುಡಿದು, ಕಾಣದ ಊರಿಗೆ "ವಾಪಸ್" ಬಂದವರು ಮಾರಾಯ್ರೆ. ಅವರ ಮಕ್ಕಳು ನನ್ನ ಜೊತೆ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

ನನ್ನ ದೋಸ್ತಿಯ ಅಜ್ಜಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ತಲೆಗೆ ಲೈಟ್ ಕಟ್ಟಿ, ರಬ್ಬರ್ ಕೊಯ್ಯುವಾಗ ಸಣ್ಣಕ್ಕೆ ಹಾಡ್ತಿದ್ದರು. ಚಹಾ ಎಲೆ ಕೀಳುವ ಹಾಡು. ಕೈಯಲ್ಲಿ ರಬ್ಬರ್ ಚೂರಿ, ಬಾಯಲ್ಲಿ ಚಹಾ ತೋಟ. ಆಗ ನಮಗೆ ಅದು ಏನೂ ಅನ್ನಿಸಿರಲಿಲ್ಲ. ಅಜ್ಜಿ ತೀರಿಹೋದರು, ನಾವು ಒಂದು ಹಾಡೂ ಬರೆದುಕೊಳ್ಳಲಿಲ್ಲ. ಲಂಕೆಯ ಸಾಹಿತ್ಯ ಅಂತ ಕೊಲಂಬೊದಿಂದ ವಿಮಾನದಲ್ಲಿ ಬರುವುದನ್ನು ಕಾಯ್ತಾ ಇದ್ದೇವೆ. ನಮ್ಮ ಹಿತ್ತಲಲ್ಲೇ ಇದ್ದದ್ದು ಹೋಯಿತು.

ಹೊಸ ಓದುಗ, ಆರ್.ಆರ್. ನಗರ

ಒಂದು ಸಂದೇಹ. ಎಲ್ಲರೂ ಇಂಗ್ಲಿಷ್ ಬೇಡ ಅನ್ನುತ್ತಿದ್ದೀರಿ. ಢಾಕಾದವರು, ಕೊಲಂಬೊದವರು ಬಂದಾಗ ನಮ್ಮ ಕವಿಗಳ ಜೊತೆ ಮಾತಾಡುವುದು ಯಾವ ಭಾಷೆಯಲ್ಲಿ? ಎಲ್ಲ ಭಾಷೆಯಿಂದ ನೇರವಾಗಿ ಅನುವಾದ ಮಾಡೋರು ಎಲ್ಲಿದ್ದಾರೆ? ಮಾಲ್ಡೀವ್ಸ್‌ನ ದಿವೇಹಿ ಭಾಷೆ ಬಲ್ಲ ಕನ್ನಡಿಗರು ಎಷ್ಟು ಜನ ಸಿಕ್ಕಾರು?

ಅನುವಾದಕಿ, ಜಯನಗರ

ಸರಿಯಾಗಿಯೇ ಕೇಳಿದ್ದೀರಿ. ಮಾತುಕತೆಗೆ, ಊಟದ ಮೇಜಿಗೆ ಇಂಗ್ಲಿಷ್ ಇರಲಿ. ಪದ್ಯಕ್ಕೆ ಮಾತ್ರ ಎರಡೇ ದನಿ: ಕವಿಯದು, ಅದರ ಬೆನ್ನಿಗೇ ಕನ್ನಡದ್ದು. ನೇರ ಅನುವಾದಕರು ಸಿಗದ ಕಡೆ ಇಂಗ್ಲಿಷಿನಿಂದ ಮಾಡಿದರೂ ಕವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ದಿನ ಪದ ಪದ ಕೇಳಿ ತಿದ್ದಬಹುದು. ಕವಿ ಹೇಗೂ ಮೂರು ದಿನ ಹೋಟೆಲಿನಲ್ಲಿ ಇರುತ್ತಾರೆ.

ಆಗದ ಕೆಲಸವೇನಲ್ಲ. 2024ರ ಆಗಸ್ಟ್‌ನಲ್ಲಿ ಕೋರಮಂಗಲದಲ್ಲಿ ಬುಕ್ ಬ್ರಹ್ಮ ಅನ್ನುವ ಸಾಹಿತ್ಯ ಸಂಸ್ಥೆಯವರು ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕನ್ನೂ ಒಂದೇ ಸೂರಿನಡಿ ತಂದು ಮೂರು ದಿನ ಉತ್ಸವ ಮಾಡಿದರು, ಜನ ಕಿಕ್ಕಿರಿದು ಬಂದರು. ಅನುವಾದಕ್ಕೆ ಬೇಕಾದ ಮನೆಗಳೂ ಇಲ್ಲೇ ಇವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ ಸೆಂಟ್ರಲ್ ಕಾಲೇಜು ಆವರಣದಲ್ಲಿ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಬಂಗಾಳಿ, ನೇಪಾಳಿ, ಉರ್ದು, ತಮಿಳು ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲೇ ಇರುವ ಭಾಷೆಗಳು. ಅವುಗಳಿಂದ ಶುರು ಮಾಡೋಣ.

ರಾತ್ರಿ ಪಾಳಿ, ಬೆಳ್ಳಂದೂರು (ಭಾನುವಾರ ಬೆಳಗಿನ ಜಾವ 4.15)

ನೇಪಾಳಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಈಗಷ್ಟೇ ಕೆಲಸ ಮುಗಿಸಿ ಬಂದೆ.

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಕಾವಲಿನವರು ನೇಪಾಳದ ಪಶ್ಚಿಮ ತುದಿಯವರು, ಅಛಾಮ್ ಜಿಲ್ಲೆ. ಐವತ್ತರ ಹತ್ತಿರ ವಯಸ್ಸು. ನಾನು ಬರುವ ಹೊತ್ತಿಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಾರೆ, ಇಬ್ಬರೂ ಹಿಂದಿಯಲ್ಲಿ ನಾಲ್ಕು ಮಾತು ಆಡುತ್ತೇವೆ. ಹೋದ ಚಳಿಗಾಲದಲ್ಲಿ ಒಂದು ದಿನ ವಿಸಿಟರ್ಸ್ ರಿಜಿಸ್ಟರ್ ತಿರುವಿ ಹಾಕುವಾಗ ಹಿಂದಿನ ಪುಟದಲ್ಲಿ ನಾಗರಿ ಲಿಪಿಯಲ್ಲಿ ಸಾಲು ಸಾಲು ಬರೆದದ್ದು ಕಂಡಿತು. ಫ್ಲ್ಯಾಟ್ ನಂಬರ್, ಗಾಡಿ ನಂಬರ್ ಬರೆಯಲು ಹಾಕಿದ ಗೆರೆಗಳ ನಡುವೆ ಪದ್ಯ. ಏನಿದು ಅಂದೆ. ಸಂಕೋಚಪಟ್ಟುಕೊಂಡು, "ಮುನಾ ಮದನ್" ಅಂದರು. ಲಕ್ಷ್ಮೀಪ್ರಸಾದ್ ದೇವಕೋಟಾ ಬರೆದದ್ದು, 1936ರಲ್ಲಿ ಬಂದದ್ದು, ನೇಪಾಳದಲ್ಲಿ ಅದು ಬಾರದವರಿಲ್ಲ ಅಂತ ಆಮೇಲೆ ತಿಳಿದುಕೊಂಡೆ.

ಮದನ ಅನ್ನುವವನು ದುಡ್ಡು ಮಾಡಲು ಟಿಬೆಟ್‌ನ ಲಾಸಾಕ್ಕೆ ಹೊರಡುತ್ತಾನೆ. ಹೆಂಡತಿ ಮುನಾ ಹೋಗಬೇಡ ಅನ್ನುತ್ತಾಳೆ. ಚಿನ್ನದ ಥೈಲಿ ಕೈಯ ಕೊಳೆ ಇದ್ದಹಾಗೆ, ನೆಮ್ಮದಿಯಿದ್ದರೆ ಕಾಡಿನ ಸೊಪ್ಪು ತಿಂದುಕೊಂಡಿದ್ದರೂ ಸಾಕು ಅನ್ನುತ್ತಾಳೆ. ಅವನು ಹೋಗುತ್ತಾನೆ. ಮರಳುವಾಗ ದಾರಿಯಲ್ಲಿ ಕಾಯಿಲೆ ಬಿದ್ದು, ಜೊತೆಗಾರರು ಬಿಟ್ಟುಹೋಗುತ್ತಾರೆ. ಟಿಬೆಟ್ ಮೂಲದ ಭೋಟೆ ಜನಾಂಗದವನೊಬ್ಬ ಎತ್ತಿಕೊಂಡು ಹೋಗಿ ಬದುಕಿಸುತ್ತಾನೆ. ಮೇಲು ಜಾತಿಯ ಮದನ ಅವನ ಕಾಲು ಮುಟ್ಟಿ, ಮನುಷ್ಯ ದೊಡ್ಡವನಾಗುವುದು ಹೃದಯದಿಂದ, ಜಾತಿಯಿಂದಲ್ಲ ಅನ್ನುತ್ತಾನೆ. ಊರು ಸೇರಿದರೂ ಅವನಿಗೆ ತಾಯಿಯೂ ಉಳಿಯುವುದಿಲ್ಲ, ಮುನಾಳೂ ಉಳಿಯುವುದಿಲ್ಲ.

ಜಾನಪದದ ಧಾಟಿಯಲ್ಲಿದೆ. ಅವರು ಹೇಳುವಾಗ ಬಲಗೈ ಬೆರಳಿನಿಂದ ಮೇಜಿಗೆ ತಾಳ ಹಾಕುತ್ತಿದ್ದರು. ಮುನಾಳ ಮಾತು ಬಂದಾಗ ತಾಳ ನಿಂತಿತು. ಅವರ ಹೆಂಡತಿ ಊರಿನಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಹೋಗುತ್ತಾರೆ. ನಾನೂ ನನ್ನ ಊರು ಹಿರಿಯೂರು ಬಿಟ್ಟು ಬಂದವನೇ, ಆದರೂ ಬಸ್ಸು ಹತ್ತಿದರೆ ನಾಲ್ಕು ಗಂಟೆಗೆ ಅಮ್ಮನ ಮುಂದೆ ಇರುತ್ತೇನೆ. ಅವತ್ತು ಏನು ಹೇಳಬೇಕೋ ತಿಳಿಯಲಿಲ್ಲ. ಟೀ ತಣ್ಣಗಾಯಿತು.

ಆರು ವರ್ಷದಿಂದ ಅವರು ನಮ್ಮ ಗೇಟಿನಲ್ಲಿದ್ದಾರೆ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಪ್ರತಿಭಾ ಪ್ರದರ್ಶನ ಮಾಡುತ್ತೇವೆ. ನಿಮಗೇನು ಬರುತ್ತದೆ ಅಂತ ಅವರನ್ನು ನಾವು ಯಾರೂ ಕೇಳಿರಲಿಲ್ಲ.

ಗವಿಪುರದ ಟೀಚರ್

ಇದನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿದೆ. ಮತ್ತೆ ಮತ್ತೆ ಓದಿದೆ.

ಪಂಪ 941ರಲ್ಲಿ ಆದಿಪುರಾಣದಲ್ಲಿ "ಮನುಷ್ಯಜಾತಿ ತಾನೊಂದೆ ವಲಂ" ಅಂತ ಬರೆದ. ನನ್ನ ಮಕ್ಕಳಿಗೆ ಅದು ಬಾಯಿಪಾಠ, ಭಾಷಣ ಸ್ಪರ್ಧೆಯಲ್ಲಿ ಹೇಳಿ ಹೇಳಿ ಸವೆದುಹೋಗಿದೆ. ಇನ್ನೊಂದು ದೇಶದಲ್ಲಿ, ಇನ್ನೊಂದು ಭಾಷೆಯಲ್ಲಿ, ಸಾವಿನ ಬಾಯಿಂದ ಎದ್ದು ಬಂದ ಒಬ್ಬ ಮನುಷ್ಯ ಅದೇ ಮಾತನ್ನು ಕಣ್ಣೀರಿನಲ್ಲಿ ಹೇಳುತ್ತಾನೆ ಅಂತ ಗೊತ್ತಾದರೆ ಆ ಸಾಲು ಅವರಿಗೆ ಹೊಸದಾಗಿ ಕೇಳಿಸುತ್ತದೆ. ನನಗೆ ಇವತ್ತು ಕೇಳಿಸಿತು.

ಸರ್, ಅವರನ್ನು ನಮ್ಮ ಮಕ್ಕಳ ಮುಂದೆ ಹಾಡಲು ಒಪ್ಪಿಸುತ್ತೀರಾ? ಅನುವಾದಕಿ ಮೇಡಂ, ಒಂದು ಇಪ್ಪತ್ತು ಸಾಲು ಕನ್ನಡಕ್ಕೆ ಆಗುತ್ತದೆಯೇ?

ಅನುವಾದಕಿ, ಜಯನಗರ

ಆಗುತ್ತದೆ. ಆದರೆ ಪುಸ್ತಕದಿಂದ ಬೇಡ. ಅವರು ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಧಾಟಿ ಬೇಕು. ನಮ್ಮ ತ್ರಿಪದಿಗೋ ಲಾವಣಿಗೋ ಕೂರುತ್ತದೆಯೇ ನೋಡುತ್ತೇನೆ. ಅರ್ಥ ಕೂರಿಸುವುದಕ್ಕಿಂತ ಆ ನಡಿಗೆ ಸಿಗುವುದು ಕಷ್ಟ. ಒಂದು ವಾರ ಕೊಡಿ.

ಮಲ್ಲೇಶ್ವರ 18ನೇ ಕ್ರಾಸ್

ಮುಂದಕ್ಕೂ ಒಂದು ದಿನ ಗೊತ್ತು ಮಾಡಿಕೊಳ್ಳಿ: ಫೆಬ್ರವರಿ 21. ಬಂಗಾಳಿಗಾಗಿ 1952ರಲ್ಲಿ ಢಾಕಾದ ವಿದ್ಯಾರ್ಥಿಗಳು ಗುಂಡಿಗೆ ಎದೆಯೊಡ್ಡಿದ ದಿನ. ಅದನ್ನೇ ಯುನೆಸ್ಕೊ 1999ರಲ್ಲಿ ವಿಶ್ವ ತಾಯ್ನುಡಿ ದಿನ ಅಂತ ಘೋಷಿಸಿದ್ದು. ಢಾಕಾದಲ್ಲಿ ಫೆಬ್ರವರಿ ಅಂದರೆ ಪುಸ್ತಕ ಮೇಳದ ತಿಂಗಳು. ಗೋಕಾಕ್ ಚಳವಳಿ ಕಂಡ ನಮಗೆ ಆ ದಿನದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಜಾಗವೂ ಇದೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು. ಟ್ಯಾಗೋರರು 1928ರಲ್ಲಿ ಅರಮನೆ ರಸ್ತೆಯ ಬಾಲಬ್ರೂಯಿ ಅತಿಥಿಗೃಹದಲ್ಲಿ ಉಳಿದುಕೊಂಡು ಬರೆದವರು. ಭಾರತದ ರಾಷ್ಟ್ರಗೀತೆಯೂ ಅವರದು, ಬಾಂಗ್ಲಾದೇಶದ್ದೂ ಅವರದು. ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಓದಿದರೂ ಸಾಕು. ಬಾಡಿಗೆ ಎಷ್ಟು ಅಂತ ಸೋಮವಾರ ನಾನೇ ಹೋಗಿ ವಿಚಾರಿಸುತ್ತೇನೆ.

ಕಲಬುರಗಿ ಮೂಲ, ಶಿವಾಜಿನಗರ ವಾಸ

ಉರ್ದು ಮೂರು ನಜ್ಮ್, ಅಂದ್ರ ಪದ್ಯ, ನನ್ನ ಜವಾಬ್ದಾರಿ. ಕನ್ನಡ ನಾ ಮಾಡ್ತೀನಿ, ಧಾರವಾಡದ ಅಣ್ಣಾವ್ರು ಓದಲಿ. ಅವರ ದನಿಯಾಗ ಕೇಳಬೇಕು ಅನಸ್ತದ.

ಧಾರವಾಡದಾಂವ, ಈಗ ಯಲಹಂಕ

ಓದತೇನ್ರಿ. ಮದಲ ಕಳಸ್ರಿ, ರೂಢಿ ಮಾಡ್ಕೋಬೇಕು.

ಸುಳ್ಯದ ಹುಡುಗ

ನಾನು ಮುಂದಿನ ತಿಂಗಳು ಊರಿಗೆ ಹೋಗ್ತೇನೆ. ಕಾಲೊನಿಯಲ್ಲಿ ಇನ್ನೂ ಇಬ್ಬರು ಅಜ್ಜಿಯಂದಿರು ಇದ್ದಾರೆ ಅಂತ ದೋಸ್ತಿ ಹೇಳಿದ. ರೆಕಾರ್ಡ್ ಮಾಡಿ ತರ್ತೇನೆ.

ರಾತ್ರಿ ಪಾಳಿ, ಬೆಳ್ಳಂದೂರು (ಸೋಮವಾರ ರಾತ್ರಿ)

ಅವರು ಒಪ್ಪಿದರು. ಮೊದಲು ಬೇಡ ಅಂದರು, ಮಕ್ಕಳು ಕೇಳುತ್ತಾರೆ ಅಂದ ಮೇಲೆ ಒಪ್ಪಿದರು. ತೊಂದರೆ ಏನೆಂದರೆ ಅವರಿಗೆ ಭಾನುವಾರವೂ ರಜೆ ಇಲ್ಲ, ಈ ವಾರ ಸಂಜೆ ಪಾಳಿ. ನಾಲ್ಕರಿಂದ ಏಳರವರೆಗೆ ಅವರ ಬದಲು ನಾನು ಗೇಟಿನಲ್ಲಿ ಕೂರುತ್ತೇನೆ ಅಂತ ಅಸೋಸಿಯೇಷನ್ ಕಾರ್ಯದರ್ಶಿಗೆ ಹೇಳಿ ಒಪ್ಪಿಸಿದ್ದೇನೆ. ಅವರನ್ನು ಗವಿಪುರಕ್ಕೆ ಆಟೋದಲ್ಲಿ ಕಳಿಸಿಕೊಡುತ್ತೇನೆ.

ಗವಿಪುರದ ಟೀಚರ್

ಬೇಡ ಸರ್, ನೀವು ಕೇಳದೆ ಉಳಿಯುವುದು ಬೇಡ. ನಾವೇ ನಿಮ್ಮ ಗೇಟಿಗೆ ಬರುತ್ತೇವೆ. ನಾಲ್ಕು ಜನ ಅಂದುಕೊಂಡಿದ್ದೆ, ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ, ಜೊತೆಗೆ ಇಬ್ಬರು ತಾಯಂದಿರು. ಕುರ್ಚಿ ಬೇಕಾಗಿಲ್ಲ, ಜಮಖಾನ ನಾವೇ ತರುತ್ತೇವೆ. ಭಾನುವಾರ ನಾಲ್ಕೂವರೆಗೆ. ಎಲ್ಲರ ಹೆಸರನ್ನೂ ರಿಜಿಸ್ಟರ್‌ನಲ್ಲಿ ಅವರೇ ಬರೆದುಕೊಳ್ಳಲಿ.